ಹಾಡಿದ್ದೇ ಹಾಡುವ ದಾಸ

‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೇಳಿದುದನ್ನೇ ಹೇಳಿ ಬೇಸರ ಬರಿಸುವವನ ಮೇಲೆ ಈ ಮಾತನ್ನು ಎಸೆಯುವುದು ವಾಡಿಕೆ. ಆದರೆ ಆ ಬಡ ದಾಸನ ಪಕ್ಷ ವಹಿಸಿ ಮಾತನಾಡಿದವರು ಯಾರೂ ಇದ್ದಂತಿಲ್ಲ. ಬೆಳಗ್ಗೆ ಕೆರೆಯ ಏರಿಯ ಮೇಲೆ ಹಾಡಿದ ಹಾಡನ್ನೇ ಅವನು ಮಧ್ಯಾಹ್ನ ಸಂತೆಯಲ್ಲಿ ಹಾಡಿ, ಸಂಜೆ ಗುಡಿಯ ಕಲ್ಲುಮಂಟಪದಲ್ಲಿ ಮತ್ತೆ ಹಾಡಿದನೆನ್ನಿ. ಏರಿಯ ಮೇಲೆ ಗಾಳಿಗೆ ಚೆದರಿಹೋದ ದನಿ ಸಂತೆಯ ಗದ್ದಲದಲ್ಲಿ ತೆಳ್ಳಗಾಗಿ, ಮಂಟಪದ ಕಂಬಗಳ ನಡುವೆ ತುಂಬಿಕೊಂಡು ಬರುತ್ತದೆ. ಹಾಡು ಅದೇ, ಗಂಟಲೂ ಅದೇ. ಬದಲಾದುದು ಸುತ್ತಲಿನ ಗೋಡೆ. ದಾಸನಿಗೆ ಇದು ತಿಳಿದಿತ್ತೋ ಏನೋ. ಗಾದೆ ಕಟ್ಟಿದವನಿಗಂತೂ ತಿಳಿದಿರಲಿಲ್ಲ.

ಧ್ವನಿಮುದ್ರಣದ ಕಸುಬಿನಲ್ಲಿ ದಾಸನ ಈ ವಿದ್ಯೆಗೆ ಒಂದು ಹೆಸರುಂಟು. ರೀ-ಆಂಪಿಂಗ್ ಎಂದು ಅದನ್ನು ಕರೆಯುತ್ತಾರೆ. ಯಾರೋ ಎಂದೋ ನುಡಿಸಿ ಮುದ್ರಿಸಿಟ್ಟ ಗಿಟಾರಿನ ಟ್ರ್ಯಾಕನ್ನು, ಹಾಡಿನ ಅಂಗಗಳನ್ನೆಲ್ಲ ಹೊಂದಿಸಿ ಕೂಡಿಸುವ ಮಿಕ್ಸಿಂಗಿನ ಹೊತ್ತಿನಲ್ಲಿ ಮತ್ತೆ ತಂತಿಯ ಮೂಲಕ ಹೊರಗೆ ಕಳುಹಿಸುವುದು. ನಿಜವಾದ ಆಂಪ್ಲಿಫೈಯರಿನಲ್ಲಿ ಹಾಯಿಸಿ ಸ್ಪೀಕರಿನಿಂದ ನುಡಿಸುವುದು. ಕೋಣೆಯಲ್ಲಿ ಹಬ್ಬಿದ ಆ ದನಿಯನ್ನು ಮೈಕಿನಿಂದ ಹಿಡಿದು ಹೊಸದಾಗಿ ಮುದ್ರಿಸಿಕೊಳ್ಳುವುದು. ಇಷ್ಟೇ ಅದರ ಸಾರಾಂಶ. ನುಡಿಸಿದವನು ಅಲ್ಲಿ ಇರಬೇಕಾಗಿಲ್ಲ. ಅವನು ಬೇರೆ ಊರಿನಲ್ಲಿರಬಹುದು, ನಿದ್ದೆಯಲ್ಲಿರಬಹುದು; ಅವನ ಕೈ ಮತ್ತೆಂದೂ ತಂತಿಯನ್ನು ಮುಟ್ಟಲಾರದ ಸ್ಥಿತಿಗೆ ಬಂದಿರಲೂ ಬಹುದು.

ಇಂಥ ಉಪಾಯ ಗಿಟಾರಿಗೇ ಏಕೆ ಒದಗಿತು ಎಂದು ಓದುಗರು ಕೇಳಬಹುದು. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತದ ಸುರುಳಿ ಇರುತ್ತದೆ. ಮೇಲೆ ತಂತಿ ಅದುರಿದರೆ ಕೆಳಗಿನ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ತು ಅಲೆಯಾಡುತ್ತದೆ. ಅದು ಇನ್ನೂ ನಾದವಲ್ಲ. ನಾದದ ಬೀಜ ಮಾತ್ರ. ಆಂಪ್ಲಿಫೈಯರು ಅದನ್ನು ಹಿಗ್ಗಿಸುವುದಷ್ಟೇ ಅಲ್ಲ, ಮಿತಿ ಮೀರಿ ದುಡಿಸಿದಾಗ ಅಲೆಯ ನೆತ್ತಿಯನ್ನು ಸವರಿ ಮೂಲದಲ್ಲಿಲ್ಲದ ಉಪಸ್ವರಗಳನ್ನು ಸೇರಿಸುತ್ತದೆ. ಹನ್ನೆರಡು ಇಂಚಿನ ಸ್ಪೀಕರಿನ ಕಾಗದದ ಶಂಕು ಸುಮಾರು 5,000 ಹರ್ಟ್ಸಿನಿಂದ ಮೇಲಿನ ಕಿರಿಕಿರಿಯನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಕೊನೆಗೆ ಕೋಣೆ ತನ್ನ ಪಾಲನ್ನು ಕೂಡಿಸುತ್ತದೆ. ಗಿಟಾರಿನ ದನಿ ಎಂದು ಕಿವಿ ಗುರುತಿಸುವುದು ಇವೆಲ್ಲ ಸೇರಿ ಆದುದನ್ನು.

ಚನ್ನಗಿರಿಯ ಸೀಮೆಯವರಿಗೆ ಇದನ್ನು ಅಡಿಕೆಯ ಮಾತಿನಲ್ಲಿ ಹೇಳಿದರೆ ಥಟ್ಟನೆ ತಿಳಿದೀತು. ಹಸಿ ಅಡಿಕೆಯನ್ನು ಸುಲಿದರೆ ಒಳಗಿನ ಬೆಟ್ಟೆ ಮಂಕಾಗಿರುತ್ತದೆ. ಅದನ್ನು ಹಂಡೆಯಲ್ಲಿ ಚೊಗರು ಬೆರೆಸಿ ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಆ ಕೆಂಪು, ಆ ಹೊಳಪು. ಪಿಕಪ್ಪಿನಿಂದ ನೇರವಾಗಿ ಮುದ್ರಿಸಿಕೊಂಡ ಟ್ರ್ಯಾಕು ಸುಲಿದ ಹಸಿ ಅಡಿಕೆ; ಆಂಪ್ಲಿಫೈಯರು, ಸ್ಪೀಕರು, ಕೋಣೆ ಎಂಬ ಮೂರೂ ಸೇರಿ ಅದರ ಚೊಗರು. ಭೇದವೊಂದೇ: ಬೆಂದ ಅಡಿಕೆ ಮತ್ತೆ ಹಸಿಯಾಗದು, ಮುದ್ರಿಸಿದ ಹಸಿ ಟ್ರ್ಯಾಕನ್ನಾದರೋ ಹತ್ತು ಹಂಡೆಗಳಲ್ಲಿ ಬೇಯಿಸಿ ನೋಡಿ, ಹನ್ನೊಂದನೆಯದಕ್ಕೂ ಹಸಿಯಾಗಿಯೇ ಇಟ್ಟುಕೊಳ್ಳಬಹುದು.

ಈ ವಿದ್ಯೆ ಹೊಸದೆಂದು ತೋರಿದರೂ ಇದರ ಬೇರು ಹಳೆಯದು. 1947ರಲ್ಲಿ ಅಮೆರಿಕದ ಷಿಕಾಗೊ ನಗರದ ಬಿಲ್ ಪಟ್ನಮ್ ಎಂಬ ಧ್ವನಿತಂತ್ರಜ್ಞರು ಹಾರ್ಮೋನಿಕ್ಯಾಟ್ಸ್ ಎಂಬ ಮೌತ್ ಆರ್ಗನ್ ಮೇಳದ ಹಾಡೊಂದನ್ನು ಮುದ್ರಿಸುವಾಗ, ಸ್ನಾನದ ಮನೆಯಲ್ಲಿ ಒಂದು ಸ್ಪೀಕರನ್ನೂ ಒಂದು ಮೈಕನ್ನೂ ಇರಿಸಿ, ವಾದ್ಯದ ದನಿಯನ್ನು ಅಲ್ಲಿಗೆ ಕಳುಹಿಸಿ ಅದರ ಮಾರ್ದನಿಯನ್ನು ಹಿಡಿದು ತಂದರು. ಆ ಮುದ್ರಿಕೆ ಬಹಳ ಜನಪ್ರಿಯವಾಯಿತು. ಸ್ನಾನದ ಮನೆಯೂ ಒಂದು ವಾದ್ಯವೆಂದು ಲೋಕ ಒಪ್ಪಿಕೊಂಡಿತು. ಬಚ್ಚಲಿನಲ್ಲಿ ಹಾಡುವವರೆಲ್ಲರಿಗೂ ಅದು ಮೊದಲೇ ಗೊತ್ತಿದ್ದ ಸಂಗತಿ. ಮುಂದೆ 1990ರ ದಶಕದ ಮೊದಲ ವರ್ಷಗಳಲ್ಲಿ, ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿಯವರ ಮುದ್ರಣಗಳಲ್ಲಿ ದುಡಿದ ಜಾನ್ ಕುನಿಬರ್ಟಿ ಎಂಬ ತಂತ್ರಜ್ಞರು ಈ ಕೆಲಸಕ್ಕೆಂದೇ ಒಂದು ಪುಟ್ಟ ಪೆಟ್ಟಿಗೆಯನ್ನು ಮಾಡಿ ‘ರೀಆಂಪ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಪೆಟ್ಟಿಗೆಯ ಹೆಸರೇ ಕೆಲಸದ ಹೆಸರೂ ಆಗಿ ನಿಂತಿತು.

ಕರ್ನಾಟಕದಲ್ಲಿ ಧ್ವನಿಮುದ್ರಣ ಬಹುಕಾಲ ದೂರದ ಮಾತಾಗಿತ್ತು. ಕನ್ನಡ ಚಿತ್ರಗೀತೆಗಳು ಬಹುಪಾಲು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲವೊಂದಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಮಂದಿರವನ್ನು ಕಟ್ಟಿದಾಗ ಆ ದೂರ ಅರ್ಧಕ್ಕರ್ಧ ಕಡಿಮೆಯಾಯಿತು. ಈಗಲಾದರೋ ಒಂದು ಲ್ಯಾಪ್‌ಟಾಪು, ಒಂದು ಮೈಕು, ತಂತಿ ಸಿಕ್ಕಿಸಿಕೊಳ್ಳುವ ಅಂಗೈಯಗಲದ ಪೆಟ್ಟಿಗೆ ಇಷ್ಟಿದ್ದರೆ ಹೊನ್ನಾಳಿಯ ಓಣಿಯ ಮನೆಯ ಮಾಳಿಗೆಯೂ ಮುದ್ರಣ ಮಂದಿರವೇ. ಅಂಥದೊಂದು ಮಾಳಿಗೆಯಲ್ಲಿ ನಡೆದ ಒಂದು ಕೆಲಸದ ವಿವರ ಇದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳು 1997ರಿಂದ ಒಂದೇ ದಾವಣಗೆರೆ ಜಿಲ್ಲೆಗೆ ಸೇರಿವೆ. ಅದಕ್ಕೆ ಮೊದಲು ಜಗಳೂರು ಚಿತ್ರದುರ್ಗದ ಕಡೆಗಿತ್ತು, ಉಳಿದವು ಶಿವಮೊಗ್ಗದ ಕಡೆಗಿದ್ದವು. ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದ ನ್ಯಾಮತಿ 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಸರ್ಕಾರದ ಗಡಿಗಳು ಹೀಗೆ ಹಿಂದುಮುಂದಾದರೂ, ಈ ನಾಲ್ಕು ಊರುಗಳನ್ನು ಬಹಳ ಹಿಂದೆಯೇ ಒಂದು ಮಾಡಿದ್ದುದು ರಸಮಂಜರಿ. ಗಣಪತಿ ಕೂರಿಸಿದಲ್ಲಿ ರಸಮಂಜರಿ, ಜಾತ್ರೆಯಲ್ಲಿ ರಸಮಂಜರಿ, ರಾಜ್ಯೋತ್ಸವದಲ್ಲಿ ರಸಮಂಜರಿ. ಟೆಂಪೊದ ಮೇಲೆ ಸ್ಪೀಕರುಗಳನ್ನು ಬಿಗಿದು, ಒಳಗೆ ಗಾಯಕ ಗಾಯಕಿಯರು, ಕೀಬೋರ್ಡಿನವನು, ಡೋಲಕ್ಕಿನವನು ಒತ್ತರಿಸಿಕೊಂಡು ಕುಳಿತು, ಊರಿಂದೂರಿಗೆ ಹೋಗುವ ತಂಡಗಳನ್ನು ಈ ಸೀಮೆಯಲ್ಲಿ ಕಾಣದವರಿಲ್ಲ.

ಚನ್ನಗಿರಿಯ ಅಂಥ ತಂಡವೊಂದರಲ್ಲಿ ಒಬ್ಬ ಗಿಟಾರ್ ವಾದಕರಿದ್ದರು. ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ‘ಗಿಟಾರ್ ಮೇಷ್ಟ್ರು’. ಹುಡುಗನಾಗಿದ್ದಾಗ ಅವರಿಗೆ ಸಂಗೀತದ ಗುರುವೆಂದರೆ ಅಡುಗೆಮನೆಯ ಗೂಡಿನಲ್ಲಿದ್ದ ರೇಡಿಯೊ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಆ ಗೂಡಿನಿಂದ ನಿತ್ಯ ಮಾತನಾಡುತ್ತಿತ್ತು. 1981ರಲ್ಲಿ ‘ಗೀತಾ’ ಚಿತ್ರ ಬಂದಾಗ, ತೆರೆಯ ಮೇಲೆ ಶಂಕರ್ ನಾಗ್ ಹಾಡಿ ಕುಣಿದುದನ್ನು ನೋಡಿ ಬಂದು ಗಿಟಾರು ಕೊಳ್ಳಲೇಬೇಕೆಂದು ಹಟ ಹಿಡಿದವರಲ್ಲಿ ಅವರೂ ಒಬ್ಬರು. ಮುಂದಿನ ನಾಲ್ಕು ದಶಕಗಳ ಕಾಲ ವೇದಿಕೆಯ ಎಡಮೂಲೆಯಲ್ಲಿ, ಬಣ್ಣದ ದೀಪ ಸರಿಯಾಗಿ ಬೀಳದ ಜಾಗದಲ್ಲಿ ನಿಂತು, ಕೇಳಿದವರು ಕೇಳಿದ ಹಾಡಿಗೆಲ್ಲ ಗಿಟಾರು ಸೇರಿಸಿದರು. ರಸಮಂಜರಿಯಲ್ಲಿ ಜನ ಕೇಳುವುದು ಸಿನಿಮಾ ಹಾಡನ್ನು. ಮೇಷ್ಟ್ರು ತಾವೇ ಕಟ್ಟಿದ ಮಟ್ಟುಗಳು ಆರು ಇದ್ದವು. ಅವನ್ನು ಒಮ್ಮೆಯೂ ವೇದಿಕೆಯ ಮೇಲೆ ನುಡಿಸಲಿಲ್ಲ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರ ಹಳೆಯ ಶಿಷ್ಯನೊಬ್ಬ ಹೊನ್ನಾಳಿಯವನು. ಮಿಕ್ಸಿಂಗಿನ ಕೆಲಸ ಕಲಿತು, ಕಿರುಚಿತ್ರಗಳಿಗೂ ಭಕ್ತಿಗೀತೆಗಳಿಗೂ ದುಡಿದು ಹೊಟ್ಟೆ ಹೊರೆಯುತ್ತಿದ್ದವನು. ಒಂದು ಭಾನುವಾರ ಅವನು ಮೇಷ್ಟ್ರ ಮನೆಗೆ ಹೋಗಿ, ಹಟ ಮಾಡಿ ಆ ಆರು ಮಟ್ಟುಗಳನ್ನು ನುಡಿಸಿ ಮುದ್ರಿಸಿಕೊಂಡ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯಿದ್ದುದರಿಂದ ಆಂಪ್ಲಿಫೈಯರಿನ ಮಾತೇ ಏಳಲಿಲ್ಲ. ಗಿಟಾರಿನ ತಂತಿಯನ್ನು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿ, ಮೇಷ್ಟ್ರ ಕಿವಿಗೆ ಹೆಡ್‌ಫೋನು ಹಾಕಿ ಮುಗಿಸಿದರು. ಒಟ್ಟು 27 ನಿಮಿಷ. “ಇದು ಕರಡು ಮೇಷ್ಟ್ರೆ, ಮುಂದಿನ ತಿಂಗಳು ಸರಿಯಾಗಿ ಮಾಡಾಣ” ಎಂದು ಶಿಷ್ಯ ಹೇಳಿ ಹೋದ.

ಮುಂದಿನ ತಿಂಗಳು ಬರುವಷ್ಟರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಕೋಲಿನೊಡನೆ ಮರಳಿತು. ಎಡಗೈ ಮಾತ್ರ ಮರಳಲಿಲ್ಲ. ಗಿಟಾರಿನಲ್ಲಿ ಸ್ವರಗಳ ಮನೆಯನ್ನು ಒತ್ತುವುದು ಎಡಗೈ. ಕರಡೆಂದು ಮುದ್ರಿಸಿದ ಆ 27 ನಿಮಿಷವೇ ಮೂಲವೂ ಆಯಿತು, ಕೊನೆಯದೂ ಆಯಿತು.

ಶಿಷ್ಯ ಮೊದಲು ಮಾಡಿದುದು ಈಗ ಎಲ್ಲರೂ ಮಾಡುವ ಕೆಲಸವನ್ನೇ. ಆಂಪ್ಲಿಫೈಯರಿನ ದನಿಯನ್ನು ಕಂಪ್ಯೂಟರಿನೊಳಗೇ ಅನುಕರಿಸುವ ತಂತ್ರಾಂಶಗಳುಂಟು. ಅವು ಕೀಳೆಂದು ಯಾರೂ ಹೇಳಲಾರರು. ಹೆಸರಾಂತ ವಿದೇಶೀ ಆಂಪ್ಲಿಫೈಯರುಗಳನ್ನು ಅವು ಬಹಳ ಚೆನ್ನಾಗಿ ನಟಿಸುತ್ತವೆ. ಹಾಗೆ ಸಿಂಗರಿಸಿದ ಮೊದಲನೆಯ ಮಟ್ಟನ್ನು ಅವನು ತಂದು ಕೇಳಿಸಿದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿದರು. ಆಮೇಲೆ ನಿಧಾನವಾಗಿ, “ಚಲೋ ಐತಪ್ಪ. ಬೆರಳು ನಂದೇ. ದನಿ ಮಾತ್ರ ಯಾರ್ದೋ” ಎಂದರು.

ಮಾತು ಚಿಕ್ಕದಾಗಿತ್ತು, ಶಿಷ್ಯನ ನಿದ್ದೆಯನ್ನು ಅದು ಕದ್ದಿತು. ನಲವತ್ತು ವರ್ಷ ಇನ್ನೊಬ್ಬರ ಹಾಡನ್ನು ನುಡಿಸಿದ ಮನುಷ್ಯನಿಗೆ ತನ್ನದೆಂದು ಇರುವುದು 27 ನಿಮಿಷ. ಅದೂ ಇನ್ನೊಬ್ಬರ ದನಿಯಲ್ಲಿ ಹೋಗುವುದೆಂದರೆ ಹೇಗೆ? ಮೇಷ್ಟ್ರ ದನಿಯೆಂದರೆ ಯಾವುದು ಎಂದು ಅವನು ನೆನಪನ್ನು ಕೆದಕಿದ. ರೇಡಿಯೊ ರಿಪೇರಿಯವನೊಬ್ಬ ಪ್ಲೈವುಡ್ಡಿನ ಗೂಡಿನಲ್ಲಿ ಕಟ್ಟಿಕೊಟ್ಟಿದ್ದ ಒಂದು ಆಂಪ್ಲಿಫೈಯರು. ಹನ್ನೆರಡು ಇಂಚಿನ ಒಂದೇ ಸ್ಪೀಕರು. ಕಷ್ಟದ ದಿನಗಳಲ್ಲಿ ಅದನ್ನು ಮೇಷ್ಟ್ರು ಮಾರಿದ್ದರು. ವಿಚಾರಿಸುತ್ತ ಹೋದಾಗ ಅದು ನ್ಯಾಮತಿಯಲ್ಲಿ ಸಿಕ್ಕಿತು. ವ್ಯಾಪಾರದ ಊರಾದ ನ್ಯಾಮತಿಯಲ್ಲಿ ಹಳೆಯ ಸಾಮಾನು ಬೀದಿಪಾಲಾಗುವುದು ಕಡಿಮೆ. ಭಜನಾ ಮಂಡಳಿಯೊಂದರ ಹಾರ್ಮೋನಿಯಮ್ಮಿನ ಮೈಕಿಗೆ ಅದು ಶನಿವಾರ ಶನಿವಾರ ದುಡಿಯುತ್ತಿತ್ತು. ಸ್ಪೀಕರಿನ ಶಂಕು ಹರಿದು, ಯಾರೋ ಕಾಗದವನ್ನು ಗೋಂದಿನಿಂದ ಅಂಟಿಸಿದ್ದರು. ಮಂಡಳಿಯ ಹಿರಿಯರು, “ಶುಕ್ರವಾರದೊಳಗೆ ತಂದುಬಿಡಪ್ಪ, ದೇವರ ಕೆಲಸ ನಿಲ್ಲಬಾರದು” ಎಂದು ಹೇಳಿ ಕೊಟ್ಟರು. ಬಾಡಿಗೆಯ ಮಾತೆತ್ತಲಿಲ್ಲ.

ಆಂಪ್ಲಿಫೈಯರು ಸಿಕ್ಕಿದ ಮಾತ್ರಕ್ಕೆ ಕೆಲಸವಾಗದು. ಮುದ್ರಣಯಂತ್ರದಿಂದ ಹೊರಡುವ ವಿದ್ಯುತ್ತೂ ಗಿಟಾರಿನಿಂದ ಹೊರಡುವ ವಿದ್ಯುತ್ತೂ ಒಂದೇ ಜಾತಿಯವಲ್ಲ. ಚನ್ನಗಿರಿಯ ಜನ ಸೂಳೆಕೆರೆಯನ್ನು, ಎಂದರೆ ಶಾಂತಿಸಾಗರವನ್ನು ಬಲ್ಲರು. ಅಷ್ಟು ದೊಡ್ಡ ಕೆರೆಯ ನೀರು ನೇರವಾಗಿ ಗದ್ದೆಗೆ ನುಗ್ಗಿದರೆ ಪೈರು ಉಳಿದೀತೆ? ಅದಕ್ಕೆಂದೇ ಹಿರಿಯರು ಅಲ್ಲಿ ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳನ್ನಿಟ್ಟರು. ಮುದ್ರಣ ಮಂದಿರದ ಯಂತ್ರಗಳು ಒಂದಕ್ಕೊಂದು ಮಾತನಾಡುವ ರೂಢಿಯ ಮಟ್ಟ ಸುಮಾರು 1.23 ವೋಲ್ಟ್, ಗಿಟಾರಿನ ಪಿಕಪ್ ಸಾಮಾನ್ಯವಾಗಿ ಕೊಡುವುದು ಒಂದು ವೋಲ್ಟಿನ ಹತ್ತನೆಯ ಒಂದೆರಡು ಪಾಲು. ಯಂತ್ರದಿಂದ ಹೊರಡುವ ದಾರಿಯಲ್ಲಿ ತಡೆ ಬಹಳ ಕಡಿಮೆ. ಪಿಕಪ್ಪಿನ ಸುರುಳಿಯಲ್ಲಾದರೋ ಸಾವಿರಾರು ಓಂಗಳ ತಡೆ. ಅದನ್ನು ಎದುರುನೋಡುತ್ತ ಆಂಪ್ಲಿಫೈಯರಿನ ಬಾಗಿಲು ಸುಮಾರು ಹತ್ತು ಲಕ್ಷ ಓಂಗಳಿಗೆ ಕಟ್ಟಲ್ಪಟ್ಟಿರುತ್ತದೆ. ರೀ-ಆಂಪಿಂಗಿನ ಪೆಟ್ಟಿಗೆ ಈ ಎರಡರ ನಡುವಣ ತೂಬು. ಅದು ಮಟ್ಟವನ್ನು ಇಳಿಸುತ್ತದೆ, ತಡೆಯನ್ನು ಏರಿಸುತ್ತದೆ, ಬಂದಿರುವುದು ಗಿಟಾರೇ ಎಂದು ಆಂಪ್ಲಿಫೈಯರನ್ನು ನಂಬಿಸುತ್ತದೆ.

ಹೊನ್ನಾಳಿಯ ಮಾಳಿಗೆಯಲ್ಲಿ ಮೊದಲ ಸಲ ತಂತಿ ಜೋಡಿಸಿದಾಗ ಕೇಳಿದುದು ಗಿಟಾರಲ್ಲ, ಗುಂಯ್ ಎಂಬ ಒಂದೇ ಸಮನಾದ ರಾಗ. ಭಾರತದಲ್ಲಿ ಮನೆಮನೆಗೂ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುವಂಥದು. ಕಂಪ್ಯೂಟರಿಗೊಂದು ಭೂಮಿಯ ತಂತಿ, ಆಂಪ್ಲಿಫೈಯರಿಗೊಂದು ಭೂಮಿಯ ತಂತಿ ಇದ್ದು, ನಡುವೆ ಮತ್ತೊಂದು ತಂತಿ ಅವೆರಡನ್ನೂ ಕೂಡಿಸಿದರೆ ಅಲ್ಲೊಂದು ಬಳೆಯಂಥ ದಾರಿ ಏರ್ಪಟ್ಟು ಆ 50ರ ಗುಂಯ್‌ಕಾರ ಒಳಗೆ ನುಸುಳುತ್ತದೆ. ತಿಳಿಯದವರು ಭೂಮಿಯ ತಂತಿಯನ್ನೇ ಕಿತ್ತುಹಾಕುವುದುಂಟು. ಅದು ಪ್ರಾಣಕ್ಕೆ ಅಪಾಯ. ಶಿಷ್ಯ ಪೆಟ್ಟಿಗೆಯಲ್ಲಿದ್ದ ಒಂದು ಪುಟ್ಟ ಗುಂಡಿಯನ್ನು ಒತ್ತಿದ. ಒಳಗಿನ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ. ನಾದ ಅಯಸ್ಕಾಂತದ ಬಲದಿಂದ ಮಾತ್ರ ಇತ್ತಣಿಂದತ್ತ ದಾಟುತ್ತದೆ. ಗುಂಡಿ ಭೂಮಿಯ ಆ ಒಂದು ಕೊಂಡಿಯನ್ನು ಬಿಡಿಸಿತು. ಗುಂಯ್‌ಕಾರ ಅಡಗಿತು, ಮೇಷ್ಟ್ರ ಗಿಟಾರು ಮೇಷ್ಟ್ರಿಲ್ಲದೆ ನುಡಿಯತೊಡಗಿತು.

ಆದರೂ ದನಿ ಇಕ್ಕಟ್ಟಾಗಿತ್ತು. ಮಾಳಿಗೆಯ ಗೋಡೆಗಳು ಹತ್ತಿರ, ಸೂರು ತಗ್ಗು. ದನಿ ಹೊರಟೊಡನೆ ಗೋಡೆಗೆ ಬಡಿದು ಮರಳುತ್ತಿತ್ತು. ತುಂಗಭದ್ರೆ ಅಷ್ಟು ಹತ್ತಿರದಲ್ಲಿ ಅಗಲವಾಗಿ ಹರಿಯುತ್ತಿದ್ದರೂ ಅದರ ವಿಸ್ತಾರ ಈ ಕೋಣೆಗೆ ತಟ್ಟಿರಲಿಲ್ಲ.

ಜಗಳೂರಿನಲ್ಲಿ ಅವನ ಗೆಳೆಯನ ತಂದೆಗೆ ಮೆಕ್ಕೆಜೋಳದ ಗೋದಾಮೊಂದಿತ್ತು. ಬೇಸಿಗೆಯಲ್ಲಿ ಅದು ಖಾಲಿ. ಆಂಪ್ಲಿಫೈಯರನ್ನು ಗೋಣಿಯಲ್ಲಿ ಸುತ್ತಿ ದಾವಣಗೆರೆಯ ಮೇಲೆ ಬಸ್ಸಿನಲ್ಲಿ ಅಲ್ಲಿಗೆ ಸಾಗಿಸಿದ. ಮಳೆಗಾಗಿ ಮುಗಿಲು ನೋಡುವ ಆ ಒಣಸೀಮೆಯ ಗೋದಾಮಿನಲ್ಲಿ ಗಾಳಿಯೂ ಒಣಗಿತ್ತು. ಒಂದು ಸ್ವರ ಹೊರಟರೆ ಅದು ಸಿಮೆಂಟಿನ ನೆಲದಿಂದ ತಗಡಿನ ಮಾಡಿಗೆ, ಮಾಡಿನಿಂದ ನೆಲಕ್ಕೆ ಪುಟಿಯುತ್ತ, ಎರಡನೆಯ ಸ್ವರ ಬಂದರೂ ಮೂರನೆಯದು ಬಂದರೂ ಹೋಗಲೊಲ್ಲದೆ ನಿಂತಿರುತ್ತಿತ್ತು. ಕೆಳಗಿನ ತಂತಿಯ ಒಂದು ಸ್ವರಕ್ಕೆ ಮಾಡಿನ ತಗಡೊಂದು ತಾನೂ ಗದಗದನೆ ಅದುರಿತು. ಗೆಳೆಯನಿಗೆ ಬಹಳ ಮೆಚ್ಚುಗೆಯಾಯಿತು. ಬೆಂಗಳೂರಿನ ದೊಡ್ಡ ಸಭಾಂಗಣದಂತಿದೆ ಎಂದ. ಶಿಷ್ಯನಿಗೆ ಮಾತ್ರ ಅದು ಗೋದಾಮಿನ ಕಚೇರಿಯಾಗಿ ಕೇಳಿತು. ಮೇಷ್ಟ್ರ ಬೆರಳು ಎಲ್ಲೋ ಪಕ್ಕವಾದ್ಯದಲ್ಲಿತ್ತು. ಆದರೂ ಆ ಮುದ್ರಣವನ್ನು ಅವನು ಅಳಿಸಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇನ್ನೊಬ್ಬನ ನುಡಿತಕ್ಕೆ ಹೀಗೆ ಗೋಡೆ ಬದಲಿಸುತ್ತ ಹೋಗುವ ಅಧಿಕಾರವನ್ನು ಯಾರು ಕೊಟ್ಟರು? ಕನ್ನಡದಲ್ಲಿ ಇದಕ್ಕೆ ಒಂದು ಹಳೆಯ ದೃಷ್ಟಾಂತವಿದೆ. ಕುಮಾರವ್ಯಾಸನ ಭಾರತವನ್ನು ಐದು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಗಮಕಿಗಳು ಹಾಡುತ್ತ ಬಂದಿದ್ದಾರೆ. ಯಾವ ಪ್ರಸಂಗಕ್ಕೆ ಯಾವ ರಾಗ, ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬುದು ಗಮಕಿಯ ಸ್ವಾತಂತ್ರ್ಯ. ಪದ್ಯದ ಒಂದಕ್ಷರವನ್ನು ಬದಲಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಕವಿ ಬಿಟ್ಟುಹೋದುದು ಹಾಗೆಯೇ ಇರಬೇಕು. ಅದಕ್ಕೆ ಊರೂರಿನ ಗುಡಿಯ ಗಾಳಿ ತಗಲಬಹುದು. ರೀ-ಆಂಪಿಂಗಿನ ನೀತಿಯೂ ಇದೇ ಎನ್ನಬಹುದು. ಯಾವ ಗಳಿಗೆಗೆ ಬೆರಳು ಬಿತ್ತು, ಎಷ್ಟು ಒತ್ತಿತು, ಯಾವಾಗ ಎದ್ದಿತು ಎಂಬುದು ಅಕ್ಷರ. ಉಳಿದುದು ರಾಗ.

ಕೊನೆಯ ಕೋಣೆ ಚನ್ನಗಿರಿಯಲ್ಲಿಯೇ ಇತ್ತು. ಕೋಟೆಯ ಗುಡ್ಡದ ತಪ್ಪಲಿನ ಕಡೆ ಒಂದು ಅಡಿಕೆ ಮನೆ. ಸುಗ್ಗಿಯಲ್ಲಿ ಹೆಂಗಸರು ಸಾಲಾಗಿ ಕುಳಿತು ಅಡಿಕೆ ಸುಲಿದು ಎದ್ದುಹೋದ ಮೇಲೆ, ರಾತ್ರಿ ಹತ್ತರ ನಂತರ ಅಲ್ಲಿ ಮೇಷ್ಟ್ರು ಅಭ್ಯಾಸ ಮಾಡುತ್ತಿದ್ದರು ಎಂಬ ಸಂಗತಿಯನ್ನು ಅವರ ಹೆಂಡತಿ ಮಾತಿನ ನಡುವೆ ಹೇಳಿದರು. ಹೆಂಚಿನ ಮಾಡು, ಮರದ ತೊಲೆ, ಒಂದು ಪಕ್ಕಕ್ಕೆ ಸೂರಿನ ತನಕ ಒಟ್ಟಿದ ಗೋಣಿಚೀಲಗಳು. ಗೋಣಿಚೀಲ ದನಿಯನ್ನು ಹೀರುತ್ತದೆ, ಮರ ಒಂದಿಷ್ಟನ್ನು ಹಿಂದಕ್ಕೆ ಕೊಡುತ್ತದೆ, ಹೆಂಚಿನ ಸಂದು ಒಂದಿಷ್ಟನ್ನು ಹೊರಗೆ ಬಿಡುತ್ತದೆ. ಯಾವ ತಜ್ಞನೂ ಲೆಕ್ಕ ಹಾಕಿ ಕಟ್ಟಿದ ಮನೆಯಲ್ಲ ಅದು.

ಶಿಷ್ಯ ಒಂದು ಮೈಕನ್ನು ಸ್ಪೀಕರಿನ ಶಂಕುವಿಗೆ ಗೇಣು ದೂರದಲ್ಲಿ, ನಟ್ಟನಡುವಿನಿಂದ ತುಸು ಪಕ್ಕಕ್ಕೆ ಇಟ್ಟ. ನಡುವಿನಲ್ಲಿ ದನಿ ಹರಿತ, ಅಂಚಿನತ್ತ ಸರಿದಷ್ಟೂ ಮೃದು. ಎರಡು ಬೆರಳು ಆಚೀಚೆ ಸರಿಸಿದರೆ ಬೇರೆ ಗಿಟಾರೇ ಎನ್ನಿಸುವಷ್ಟು ಭೇದವಾಗುತ್ತದೆ. ಎರಡನೆಯ ಮೈಕನ್ನು ಅಲ್ಲಿಂದ 11 ಅಡಿ ಹಿಂದೆ, ಗೋಣಿಚೀಲಗಳ ಬಳಿ ನಿಲ್ಲಿಸಿದ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಆ 11 ಅಡಿಗೆ ಸೆಕೆಂಡಿನ ನೂರನೆಯ ಒಂದು ಪಾಲು ಬೇಕು. ಅಷ್ಟು ತಡವಾಗಿ ಬಂದ ದನಿ ಮೊದಲನೆಯದರೊಡನೆ ಕೂಡಿದಾಗ ಕೆಲವು ಸ್ವರಗಳಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ, ಎರಡೂ ಕರಗಿ, ನಾದ ಟೊಳ್ಳಾಗುವ ಭಯವಿದೆ. ಆದುದರಿಂದ ದೂರದ ಮೈಕನ್ನು ಒಂದೊಂದೇ ಇಂಚು ಸರಿಸುತ್ತ, ಟೊಳ್ಳು ತುಂಬುವ ತನಕ ಅವನು ಅರ್ಧ ರಾತ್ರಿ ಕಳೆದ. ಅಂಟಿಸಿದ ಕಾಗದದ ಶಂಕು ಮೇಲಿನ ಸ್ವರಗಳಲ್ಲಿ ಸಣ್ಣಗೆ ಕರಕರ ಎನ್ನುತ್ತಿತ್ತು. ಅದನ್ನು ಅವನು ತೆಗೆಯಲು ಹೋಗಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರನ್ನು ಆಟೊದಲ್ಲಿ ಕರೆತಂದು ಅಡಿಕೆ ಮನೆಯಲ್ಲಿಯೇ ಕುರ್ಚಿ ಹಾಕಿ ಕೂರಿಸಿದರು. ಆರನೆಯ ಮಟ್ಟು ನಿಧಾನಗತಿಯದು. ಅದರ ನಡುವೆ ಒಂದು ಕಡೆ ಸ್ವರವೊಂದು ಮೇಲಕ್ಕೆ ಏರಿ, ನಿಂತು, ಥಟ್ಟನೆ ನಿಲ್ಲುತ್ತದೆ. ಅಲ್ಲಿಗೆ ಬರುವ ತನಕ ಮೇಷ್ಟ್ರು ಅಲುಗಾಡಲಿಲ್ಲ. ಬಂದಾಗ ಬಲಗೈಯನ್ನು ಎತ್ತಿ, “ನಿಲ್ಸು” ಎಂದರು.

“ದನಿ ಸರಿ ಐತೇನು ಮೇಷ್ಟ್ರೆ?”

“ದನಿ ನಂದೇ. ಆದ್ರೆ ಅವತ್ತು ಈ ದನಿ ನನ್ ಕಿವಿಗೆ ಬಿದ್ದಿದ್ರೆ, ಈ ಜಾಗ್ದಾಗೆ ಇಷ್ಟು ಬೇಗ ಕೈ ಎತ್ತತಿರ್ಲಿಲ್ಲ.”

ರೀ-ಆಂಪಿಂಗಿನ ಗುಣವನ್ನು ಹೊಗಳುವವರು ಮರೆಯುವ ಸಂಗತಿ ಇದೇ. ಗಿಟಾರ್ ವಾದಕ ದನಿಯನ್ನು ಕಳುಹಿಸುವವನಷ್ಟೇ ಅಲ್ಲ, ಮೊದಲು ಕೇಳುವವನೂ ಅವನೇ. ಆಂಪ್ಲಿಫೈಯರಿನ ಎದುರು ನಿಂತಾಗ ಹೊರಟ ದನಿ ಮರಳಿ ಬಂದು ತಂತಿಯನ್ನೇ ಅದುರಿಸುತ್ತದೆ. ಸ್ವರ ಸಾಯುವ ಬದಲು ಬೆಳೆಯುತ್ತದೆ. ಬೆರಳು ಅದಕ್ಕೆ ಉತ್ತರ ಕೊಡುತ್ತದೆ. ಕೋಣೆ ಕೇಳಿದ ಪ್ರಶ್ನೆಗೆ ಕೈ ಹೇಳುವ ಉತ್ತರವೇ ನುಡಿತದ ಅರ್ಧ ಭಾಗ. ಹೆಡ್‌ಫೋನಿನಲ್ಲಿ ಒಣ ದನಿಯನ್ನು ಕೇಳುತ್ತ ನುಡಿಸಿದ ಮೇಷ್ಟ್ರು ಆ ಒಣ ದನಿಗೆ ತಕ್ಕ ಉತ್ತರವನ್ನು ಕೊಟ್ಟಿದ್ದರು. ಈಗ ಪ್ರಶ್ನೆ ಬದಲಾಗಿದೆ, ಉತ್ತರ ಹಳೆಯದು. ಯಾವ ಪೆಟ್ಟಿಗೆಯೂ ಇದನ್ನು ಸರಿಪಡಿಸಲಾರದು.

ಸರಿಪಡಿಸಿದಂತೆ ತೋರಿಸುವುದು ಮಾತ್ರ ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಒಂದು ಸ್ವರವನ್ನು ಎಳೆದು ಉದ್ದ ಮಾಡುವುದು ಅರ್ಧ ಗಳಿಗೆಯ ಕೆಲಸ. ಕೇಳಿದವರಾರಿಗೂ ಗುರುತು ಹತ್ತದು. ಶಿಷ್ಯ ಮೇಷ್ಟ್ರ ಮುಖವನ್ನು ನೋಡಿದ. ತಡೆದು ತಡೆದು, “ಬೇಕಂದ್ರೆ ಆ ಸ್ವರ ಎಳೀತೀನಿ ಮೇಷ್ಟ್ರೆ. ನೀವು ಎಷ್ಟು ಅಂದ್ರೆ ಅಷ್ಟು. ಇಲ್ಲೇ ಕೂತು ಹೇಳಿ” ಎಂದ.

ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಬಲಗೈ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇರಿಸಿತು. ಗಂಡನ ಬಾಯಿಂದ ‘ಹೂಂ’ ಬರಲಿ ಎಂದು ಹೆಂಡತಿ ಬಾಗಿಲಲ್ಲಿ ಕಾದು ನಿಂತಿದ್ದರು.

“ಬ್ಯಾಡಪ್ಪ” ಎಂದರು ಕೊನೆಗೆ. “ಅವತ್ತು ಕೈ ಎತ್ತಿದ್ದು ನಾನೇ. ಅದನ್ನ ಬಿಡು.”

ಆ ಜಾಗ ಹಾಗೆಯೇ ಉಳಿಯಿತು. ಸ್ವರ ನಿಂತ ಮೇಲೆ ಗೋಣಿಚೀಲಗಳ ಬಳಿಯ ಮೈಕು ಹಿಡಿದ ಅಡಿಕೆ ಮನೆಯ ಉಸಿರು ಒಂದು ಕ್ಷಣ ಕೇಳುತ್ತದೆ. ಆಮೇಲೆ ಅದೂ ಇಲ್ಲ. ಶಿಷ್ಯ ಆರು ಮಟ್ಟುಗಳನ್ನೂ ಅದೇ ಮನೆಯಲ್ಲಿ ಮುದ್ರಿಸಿ ಮುಗಿಸಿ, ಶುಕ್ರವಾರದ ಬೆಳಗ್ಗೆ ಆಂಪ್ಲಿಫೈಯರನ್ನು ನ್ಯಾಮತಿಗೆ ಒಪ್ಪಿಸಿ ಬಂದ. ಹಸಿ ಟ್ರ್ಯಾಕುಗಳ ಎರಡು ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ ಇಡಿಸಿದ. ಮೇಲೆ ಮೇಷ್ಟ್ರ ಹೆಸರು, ನುಡಿಸಿದ ದಿನಾಂಕ, ‘ಬೇಯಿಸಿಲ್ಲ’ ಎಂಬ ಒಂದು ಮಾತು ಬರೆದ. ಮುಂದೆ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಕೋಣೆ ಸಿಕ್ಕೀತು.

ಮೇಷ್ಟ್ರ ಮನೆಯ ಮೊಬೈಲಿನಲ್ಲಿ ಆ 27 ನಿಮಿಷ ಈಗ ದಿನಕ್ಕೆರಡು ಸಲ ಹಾಡುತ್ತದೆ. ಅಡುಗೆಮನೆಯಲ್ಲಿ, ಹಿಂದೆ ರೇಡಿಯೊ ಇದ್ದ ಗೂಡಿನಲ್ಲಿಯೇ ಅದನ್ನು ಇಡುತ್ತಾರೆ. ಅಲ್ಲಿ ಅದರ ದನಿ ಮತ್ತೂ ಬೇರೆ. “ಹಾಡಿದ್ದೇ ಎಷ್ಟು ಸಲ ಕೇಳ್ತೀರಿ?” ಎಂದು ಹೆಂಡತಿ ಒಮ್ಮೊಮ್ಮೆ ಗದರುವುದುಂಟು. ಆರನೆಯ ಮಟ್ಟು ಬರುವ ಹೊತ್ತಿಗೆ ಅವರೂ ಒಗ್ಗರಣೆಯ ಸೌಟನ್ನು ಕೆಳಗಿಟ್ಟು ನಿಲ್ಲುತ್ತಾರೆ.